ಒಂದು ದೊಡ್ಡ ಸಬ್‌ವೂಫರ್ ಸಾಕಾ, ಎರಡು ಬೇಕಾ, ನಾಲ್ಕೇ ಬೇಕಾ?

ಹೋಮ್ ಥಿಯೇಟರ್‌ಗೆ ಎರಡನೇ ಸಬ್‌ವೂಫರ್ (ಆಳದ ಸ್ವರಗಳಿಗೇ, ಅಂದರೆ ಬೇಸ್‌ಗೇ ಮೀಸಲಾದ ಸ್ಪೀಕರ್, ಚಿಕ್ಕದಾಗಿ ಸಬ್) ತರೋಣ ಅಂದರೆ ಮನೆಯಲ್ಲಿ ಮೊದಲು ಬರುವ ಮಾತು, "ಇರೋ ಸೌಂಡೇ ಜಾಸ್ತಿ ಆಯ್ತು, ಇನ್ನೊಂದು ಯಾಕೆ?" ಎರಡನೇ ಸಬ್‌ನಿಂದ ಸೌಂಡ್ ಜಾಸ್ತಿ ಆಗುವುದು ನಿಜ, ಆದರೆ ಅದು ಸಣ್ಣ ಲಾಭ. ದೊಡ್ಡ ಲಾಭ ಬೇರೆ ಇದೆ. ಸೋಫಾದ ಈ ತುದಿಯಲ್ಲಿ ಕೂತವರಿಗೂ ಆ ತುದಿಯಲ್ಲಿ ಕೂತವರಿಗೂ ಹಿಂದೆ ದಿವಾನ್ ಮೇಲೆ ಕೂತವರಿಗೂ ಒಂದೇ ಥರದ ಬೇಸ್ ಕೇಳುತ್ತದೆ. ಹಾಗಾಗಿ ಎಷ್ಟು ಸಬ್ ಬೇಕು ಎನ್ನುವ ಪ್ರಶ್ನೆಗೆ ಉತ್ತರ ಸಿಗುವುದು ವ್ಯಾಟ್ ಲೆಕ್ಕದಲ್ಲಿ ಅಲ್ಲ. ಎಷ್ಟು ಜನ, ಎಲ್ಲೆಲ್ಲಿ ಕೂತು ನೋಡುತ್ತೀರಿ ಎನ್ನುವುದನ್ನು ಮೊದಲು ಕೇಳಿಕೊಳ್ಳಬೇಕು.

ನಮ್ಮ ಕಡೆ ಸಾಮಾನ್ಯವಾಗಿ ಇರುವಂಥ ಹಾಲ್ ಒಂದನ್ನು ಲೆಕ್ಕಕ್ಕೆ ತಗೊಳ್ಳೋಣ. 15 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ಶಬ್ದ ಸೆಕೆಂಡಿಗೆ ಸುಮಾರು 1130 ಅಡಿ ಓಡುತ್ತದೆ. ಇದನ್ನು ಉದ್ದದ ಎರಡರಷ್ಟರಿಂದ, ಅಂದರೆ 30ರಿಂದ ಭಾಗಿಸಿ. 38 ಹರ್ಟ್ಜ್ (ಸೆಕೆಂಡಿಗೆ 38 ಕಂಪನ) ಹತ್ತಿರ ಬರುತ್ತದೆ. ಅಗಲಕ್ಕೆ ಇದೇ ಲೆಕ್ಕ ಹಾಕಿದರೆ 47, ಎತ್ತರಕ್ಕೆ 56. ಈ ಮೂರು ಸ್ವರಗಳಲ್ಲಿ ಸಬ್ ಜೊತೆ ರೂಮೂ ಸೇರಿಕೊಂಡು ಹಾಡುತ್ತದೆ. ಇವಕ್ಕೆ ರೂಮ್ ಮೋಡ್ ಅಂತ ಹೆಸರು. ಎದುರುಬದುರು ಗೋಡೆಗಳ ಹತ್ತಿರ ಆ ಸ್ವರ ಉಬ್ಬುತ್ತದೆ. ಎರಡರ ನಟ್ಟನಡುವೆ ಹೆಚ್ಚುಕಡಿಮೆ ಕೇಳುವುದೇ ಇಲ್ಲ.

ಇದನ್ನು ಕಿವಿಯಾರೆ ಕೇಳಬಹುದು. ಮೊಬೈಲ್‌ಗೆ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು ರಿಸೀವರ್‌ಗೆ (ಸ್ಪೀಕರ್‌ಗಳಿಗೆಲ್ಲ ಸೌಂಡ್ ಹಂಚುವ ಆಂಪ್ಲಿಫೈಯರ್ ಪೆಟ್ಟಿಗೆಗೆ) ಕನೆಕ್ಟ್ ಮಾಡಿ. ನಿಮ್ಮ ಹಾಲ್‌ನ ಉದ್ದಕ್ಕೆ ಬಂದ ಸಂಖ್ಯೆಯ ಟೋನ್ ಅನ್ನು ಹದವಾದ ವಾಲ್ಯೂಮ್‌ನಲ್ಲಿ ಬಿಡಿ. ಟಿವಿ ಪಕ್ಕದಿಂದ ಹೊರಟು ಹಿಂದಿನ ಗೋಡೆಯ ತನಕ ನಿಧಾನವಾಗಿ ನಡೆಯಿರಿ. ಶುರುವಿನಲ್ಲಿ ಹೊಟ್ಟೆಗೇ ತಾಗುತ್ತಿದ್ದ ಗುಂಯ್ ಎನ್ನುವ ದನಿ ಹಾಲ್ ನಡುವೆ ಬರುವ ಹೊತ್ತಿಗೆ ಯಾರೋ ಆಫ್ ಮಾಡಿದ ಹಾಗೆ ಇಳಿದುಹೋಗುತ್ತದೆ. ಹಿಂದಿನ ಗೋಡೆ ಹತ್ತಿರವಾದಂತೆ ಮತ್ತೆ ಏರುತ್ತದೆ. ಯಾರೂ ವಾಲ್ಯೂಮ್ ಮುಟ್ಟಿಲ್ಲ. "ನಮ್ಮ ಸಬ್‌ನಲ್ಲಿ ದಮ್ ಇಲ್ಲ" ಎಂದು ಬೇಸರ ಮಾಡಿಕೊಂಡವರ ಸೋಫಾ ಎಷ್ಟೋ ಸಲ ಈ ನಡುವಿನ ಗುಂಡಿಯಲ್ಲೇ ಇರುತ್ತದೆ. "ಒಂದೇ ಸಮ ಡಬಡಬ ಅನ್ನುತ್ತೆ" ಅನ್ನುವವರ ಸೋಫಾ ಹಿಂದಿನ ಗೋಡೆಗೆ ಅಂಟಿಕೊಂಡಿರುತ್ತದೆ.

ಇನ್ನೊಂದು ಮಾತು. ಈ ವಿಷಯದಲ್ಲಿ ನಾವು ಓದುವ ಸಲಹೆಗಳಲ್ಲಿ ಹೆಚ್ಚಿನವು ಅಮೆರಿಕದಿಂದ ಬರುತ್ತವೆ. ಅಲ್ಲಿನ ಮನೆಗಳಲ್ಲಿ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದ ಗೋಡೆಗಳೇ ಜಾಸ್ತಿ. ಅವು ಬೇಸ್‌ಗೆ ಸ್ವಲ್ಪ ಅದುರಿ ಒಂದಷ್ಟನ್ನು ನುಂಗುತ್ತವೆ, ಒಂದಷ್ಟನ್ನು ಆಚೆ ಬಿಡುತ್ತವೆ. ನಮ್ಮ ಇಟ್ಟಿಗೆ ಗೋಡೆ, ಕಾಂಕ್ರೀಟ್ ಬ್ಲಾಕ್ ಗೋಡೆ, ಆರ್‌ಸಿಸಿ ಛಾವಣಿ ಹಾಗಲ್ಲ. ಬಂದ ಬೇಸನ್ನು ಹೆಚ್ಚುಕಡಿಮೆ ಎಲ್ಲ ವಾಪಸ್ ಕಳಿಸುತ್ತವೆ. ಉಬ್ಬುತಗ್ಗು ಇಲ್ಲಿ ಇನ್ನೂ ಜೋರು. ಹಾಗಾಗಿ ಬೆಂಗಳೂರಿನ ಹಾಲ್‌ಗೆ ಎರಡನೇ ಸಬ್‌ನಿಂದ ಆಗುವ ಉಪಯೋಗ ಹೆಚ್ಚು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಒಂದು ದೊಡ್ಡದಾ, ಎರಡು ಚಿಕ್ಕದಾ?

ಬಜೆಟ್ ಇಷ್ಟೇ ಅಂತ ಇದ್ದಾಗ ಬರುವ ಮೊದಲ ಇಕ್ಕಟ್ಟು ಇದು. ಒಬ್ಬರೇ ಕೂತು ನೋಡುವವರಾದರೆ ಒಂದು ದೊಡ್ಡದನ್ನೇ ತಗೊಳ್ಳಿ. ಅದನ್ನು ಸರಿಯಾದ ಜಾಗದಲ್ಲಿಟ್ಟು, ಉಬ್ಬಿದ ಸ್ವರಗಳನ್ನು ಇಕ್ವಲೈಜರ್‌ನಲ್ಲಿ ತಗ್ಗಿಸಿದರೆ ಆ ಒಂದು ಸೀಟಿಗೆ ಚೆನ್ನಾಗಿ ಕೂರುತ್ತದೆ. ಜೊತೆಗೆ, ತೀರಾ ಆಳದ ಸ್ವರಗಳಿಗೆ ದೊಡ್ಡ ಸಬ್ಬೇ ಬೇಕು. ಕಾರಣ ಸರಳ: ಸ್ವರ ಅರ್ಧಕ್ಕೆ ಇಳಿದಾಗ, ಅಂದರೆ 40 ಹರ್ಟ್ಜ್‌ನಿಂದ 20ಕ್ಕೆ ಹೋದಾಗ, ಅಷ್ಟೇ ಜೋರಾಗಿ ಕೇಳಿಸಲು ಸಬ್‌ನ ಅದುರುವ ಕೋನ್ ನಾಲ್ಕರಷ್ಟು ಚಲಿಸಬೇಕು. 8 ಇಂಚಿನ ಎರಡು ಸಬ್ ಸೇರಿದರೂ ಅಲ್ಲಿ ಏದುಸಿರು ಬಿಡುತ್ತವೆ.

ಮೂರ್ನಾಲ್ಕು ಜನ ಕೂರುವ ಮನೆಯಲ್ಲಿ ಲೆಕ್ಕ ಬದಲಾಗುತ್ತದೆ. ಒಂದೇ ಸಬ್ ಇದ್ದಾಗ ಒಂದು ಸೀಟಿನಲ್ಲಿ 47 ಹರ್ಟ್ಜ್ ಉಬ್ಬಿರುತ್ತದೆ, ಎರಡು ಸೀಟು ಆಚೆ ಅದೇ ಸ್ವರ ಕುಸಿದಿರುತ್ತದೆ. ಇಕ್ವಲೈಜರ್ ಎಲ್ಲ ಸೀಟಿಗೂ ಒಂದೇ. ಇಲ್ಲಿ ತಗ್ಗಿಸಿದರೆ ಅಲ್ಲಿ ಪೂರ್ತಿ ಮಾಯ. ಕುಸಿದದ್ದನ್ನು ಎತ್ತಲು ಹೋದರೆ ಆಂಪ್ಲಿಫೈಯರ್‌ಗೆ ಭಾರ: 6 ಡೆಸಿಬಲ್ ಎತ್ತಲು ನಾಲ್ಕರಷ್ಟು ಪವರ್, 10 ಡೆಸಿಬಲ್ ಎತ್ತಲು ಹತ್ತರಷ್ಟು. ಇಷ್ಟೆಲ್ಲ ಸುರಿದರೂ ಗೋಡೆಯಿಂದ ವಾಪಸ್ ಬರುವ ಅಲೆಯೂ ಅಷ್ಟೇ ಜೋರಾಗಿ ಬಂದು ರದ್ದು ಮಾಡುತ್ತದೆ. ಸುಮ್ನೆ ದಂಡ. ಇಲ್ಲಿ ಮಧ್ಯಮ ಗಾತ್ರದ ಎರಡು ಸಬ್ ಒಂದು ದೊಡ್ಡದನ್ನು ಸಲೀಸಾಗಿ ಹಿಂದೆ ಹಾಕುತ್ತವೆ. 10 ಇಂಚಿಗಿಂತ ಕೆಳಗೆ ಮಾತ್ರ ಇಳಿಯಬೇಡಿ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಈಗ ಒಂದು ಒಳ್ಳೆಯ 12 ಇಂಚಿನದು ತಗೊಂಡು, ಅದೇ ಮಾಡೆಲ್‌ನ ಇನ್ನೊಂದನ್ನು ಆಮೇಲೆ ತರಬಹುದು. ಆದರೆ ಮಾಡೆಲ್ ನಿಂತುಹೋಗುವ ಮುಂಚೆ ತನ್ನಿ.

ಎರಡು ಇದ್ದರೆ ಎಲ್ಲಿಡುವುದು?

ಇಡೀ ವಿಷಯದಲ್ಲಿ ಜಾಸ್ತಿ ತಲೆ ಕೊಡಬೇಕಾದದ್ದು ಇಲ್ಲಿ. ಎರಡು ಸಬ್ ತಂದು ಜಾಗ ತಪ್ಪಿದರೆ ಖರ್ಚು ಎರಡರಷ್ಟು, ಫಲ ಒಂದರಷ್ಟೇ.

ಹೆಚ್ಚಿನವರು ಮಾಡುವುದು ಟಿವಿಯ ಎಡಕ್ಕೊಂದು ಬಲಕ್ಕೊಂದು ಇಡುವುದು. ನೋಡಲು ಚೆಂದ, ವೈರ್ ಚಿಕ್ಕದು. ಕೆಲಸವೂ ಅರ್ಧ ಆಗುತ್ತದೆ. ಅಗಲದ 47 ಹರ್ಟ್ಜ್ ಮೋಡ್‌ನಲ್ಲಿ ಎಡಗೋಡೆಯ ಹತ್ತಿರ ಗಾಳಿಯ ಒತ್ತಡ ಏರುವಾಗ ಬಲಗೋಡೆಯ ಹತ್ತಿರ ಇಳಿಯುತ್ತಿರುತ್ತದೆ. ಎರಡೂ ಕಡೆ ಒಂದೇ ಹೊತ್ತಿಗೆ ಸಬ್ ತಳ್ಳಿದಾಗ ಆ ಮೋಡ್ ಏಳುವುದೇ ಇಲ್ಲ. ಆದ್ದರಿಂದ ಸೋಫಾದ ಎಡತುದಿ ಮತ್ತು ಬಲತುದಿಯ ನಡುವಿನ ವ್ಯತ್ಯಾಸ ಇಳಿಯುತ್ತದೆ. ಮೂಲೆಯ ಬದಲು ಗೋಡೆಯ ಕಾಲು ಭಾಗಕ್ಕೆ, ನಮ್ಮ ಲೆಕ್ಕದಲ್ಲಿ ಪಕ್ಕದ ಗೋಡೆಗಳಿಂದ 3 ಅಡಿ ಒಳಗೆ, ಇಟ್ಟರೆ ಅಗಲದ ಎರಡನೇ ಮೋಡ್ (ಮೊದಲನೆಯದರ ಎರಡರಷ್ಟು ಹರ್ಟ್ಜ್‌ನದು) ಕೂಡ ಸುಮ್ಮನಾಗುತ್ತದೆ. ಆದರೆ ಉದ್ದದ 38 ಹರ್ಟ್ಜ್ ಹಾಗೇ ಉಳಿಯುತ್ತದೆ, ಯಾಕೆಂದರೆ ಎರಡೂ ಸಬ್ ಒಂದೇ ಗೋಡೆಯ ಕಡೆ ಇವೆ. ಒಂದೇ ಸಾಲು ಸೋಫಾ ಇದ್ದು, ಅದನ್ನು ಬೇಕಾದ ಕಡೆ ಸರಿಸಲು ಜಾಗ ಇದ್ದರೆ ಈ ಜೋಡಣೆ ಪರವಾಗಿಲ್ಲ.

ನನ್ನ ಮೊದಲ ಆಯ್ಕೆ ಬೇರೆ: ಮುಂದಿನ ಗೋಡೆಯ ನಡುವೆ ಒಂದು, ಹಿಂದಿನ ಗೋಡೆಯ ನಡುವೆ ಒಂದು. ಮುಂದೆ ಹಿಂದೆ ಎರಡೂ ಒಟ್ಟಿಗೆ ತಳ್ಳುವುದರಿಂದ ಉದ್ದದ 38 ಏಳುವುದಿಲ್ಲ. ಇನ್ನು ಎರಡೂ ಅಗಲದ ನಟ್ಟನಡುವೆ ಕೂತಿವೆ. ಅದು 47 ಹರ್ಟ್ಜ್‌ನ ಗುಂಡಿಯ ಜಾಗ, ಅಲ್ಲಿಂದ ಅದನ್ನು ಎಬ್ಬಿಸಲು ಆಗುವುದೇ ಇಲ್ಲ. ಎರಡೇ ಪೆಟ್ಟಿಗೆಯಲ್ಲಿ ಎರಡು ದೊಡ್ಡ ತೊಂದರೆ ಹೋಯಿತು. ಎತ್ತರದ 56 ಬಿಟ್ಟರೆ ಉಳಿಯುವುದು ಮುಖ್ಯವಾಗಿ ಉದ್ದದ ಎರಡನೇ ಮೋಡ್, 75 ಹರ್ಟ್ಜ್ ಹತ್ತಿರ. ಅದರ ಗುಂಡಿ ಇರುವುದು ಮುಂದಿನ ಗೋಡೆಯಿಂದ ಕಾಲು ಭಾಗ ಮತ್ತು ಮುಕ್ಕಾಲು ಭಾಗ ದೂರದಲ್ಲಿ. ಅಂದರೆ 15 ಅಡಿಯಲ್ಲಿ ಸೋಫಾ ಸರಿಯಾಗಿ 11 ಅಡಿ ಚಿಲ್ಲರೆಗೆ ಬರದ ಹಾಗೆ ಒಂದಡಿ ಮುಂದೋ ಹಿಂದೋ ಸರಿಸಿ.

ಹಿಂದಿನ ಗೋಡೆಯ ನಡುವೆ ಬಾಗಿಲು ಬಂದಿದ್ದರೆ? ನಮ್ಮ ಮನೆಗಳಲ್ಲಿ ಇದು ಮಾಮೂಲು, ಡೈನಿಂಗ್‌ಗೋ ದೇವರಮನೆಗೋ ದಾರಿ ಅಲ್ಲೇ ಇರುತ್ತದೆ. ಆಗ ಎಡ ಬಲ ಗೋಡೆಗಳ ನಡುವೆ ಒಂದೊಂದು ಇಡಿ. ಲೆಕ್ಕ ಅದೇ, ದಿಕ್ಕು ಮಾತ್ರ ಬೇರೆ. ಅದೂ ಆಗದಿದ್ದರೆ ಎದುರುಬದುರು ಮೂಲೆಗಳು, ಉದಾಹರಣೆಗೆ ಮುಂದಿನ ಎಡಮೂಲೆ ಮತ್ತು ಹಿಂದಿನ ಬಲಮೂಲೆ. ಇದು 38ನ್ನೂ 47ನ್ನೂ ಅಡಗಿಸುತ್ತದೆ, ಆದರೆ ಉದ್ದ ಅಗಲ ಎರಡೂ ಸೇರಿ ಆಗುವ 60 ಹರ್ಟ್ಜ್ ಮೋಡ್ ಅನ್ನು ಚೆನ್ನಾಗಿ ಎಬ್ಬಿಸುತ್ತದೆ. ಹಾಗಾಗಿ ಮೂರನೇ ಸ್ಥಾನ.

ಹಾಲ್ ಎಲ್ ಆಕಾರದಲ್ಲಿದ್ದು ಡೈನಿಂಗ್ ಜೊತೆ ತೆರೆದುಕೊಂಡಿದ್ದರೆ ಈ ಲೆಕ್ಕ ಯಾವುದೂ ನೇರವಾಗಿ ಕೂರುವುದಿಲ್ಲ. ಅಲ್ಲಿ ಹಳೆಯ ಉಪಾಯ ಒಂದಿದೆ. ಸಬ್ ಅನ್ನು ಎತ್ತಿ ನೀವು ಕೂರುವ ಸೋಫಾ ಮೇಲೇ ಇಡಿ. ಬೇಸ್ ಚೆನ್ನಾಗಿರುವ ಹಾಡೊಂದನ್ನು ಹಾಕಿ, ನೆಲದ ಮೇಲೆ ಮೊಣಕಾಲೂರಿ ಗೋಡೆಗುಂಟ ಸುತ್ತಿ ಬನ್ನಿ. ಎಲ್ಲಿ ಒಂದೊಂದು ಸ್ವರವೂ ಬಿಡಿಬಿಡಿಯಾಗಿ, ಒಂದೇ ತೂಕದಲ್ಲಿ ಕೇಳುತ್ತದೋ ಅಲ್ಲಿಗೆ ಟೇಪ್ ಅಂಟಿಸಿ. ಸಬ್‌ಗೆ ಅದೇ ಜಾಗ. ಮೊದಲನೆಯದನ್ನು ಹಾಗೆ ಕೂರಿಸಿ, ಎರಡನೆಯದನ್ನು ಬೇರೆ ಗೋಡೆಗಳ ಹತ್ತಿರ ಇಟ್ಟು ನೋಡುತ್ತಾ ಹೋಗಿ. ಪ್ರತಿ ಸಲ ಕನಿಷ್ಠ ಮೂರು ಸೀಟಿನಲ್ಲಿ ಕೂತು ಕೇಳಿ.

ಮೂರು, ನಾಲ್ಕು

ಆಡಿಯೋ ಸಾಮಾನು ಮಾಡುವ ಹಾರ್ಮನ್ ಕಂಪನಿಯಲ್ಲಿದ್ದ ಟಾಡ್ ವೆಲ್ಟಿ 2002ರಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡು ಆಯತಾಕಾರದ ರೂಮುಗಳ ಮೇಲೆ ಪ್ರಬಂಧ ಮಂಡಿಸಿದರು. ನಾಲ್ಕೂ ಗೋಡೆಗಳ ನಡುವೆ ಒಂದೊಂದು ಇಟ್ಟಾಗ ಸೀಟಿನಿಂದ ಸೀಟಿಗೆ ವ್ಯತ್ಯಾಸ ಅತಿ ಕಡಿಮೆ. ಎದುರುಬದುರು ಗೋಡೆಗಳ ನಡುವೆ ಎರಡು ಇಟ್ಟರೂ ಅದರ ಹತ್ತಿರಕ್ಕೇ ಬರುತ್ತದೆ. ನಾಲ್ಕಕ್ಕಿಂತ ಜಾಸ್ತಿ ಮಾಡಿದರೆ ಹೇಳಿಕೊಳ್ಳುವಂಥ ಲಾಭ ಇಲ್ಲ. ನಾಲ್ಕು ಗೋಡೆಗಳ ನಡುವಿನ ಜೋಡಣೆಯಲ್ಲಿ ಮೇಲೆ ಹೇಳಿದ 75 ಹರ್ಟ್ಜ್ ಕೂಡ ಸುಮ್ಮನಾಗುತ್ತದೆ, ಅದೇ ಅದರ ಹೆಚ್ಚುಗಾರಿಕೆ. ನಾಲ್ಕು ಮೂಲೆಗಳಲ್ಲಿಟ್ಟರೆ ಅದು ಉಳಿಯುತ್ತದೆ, ಬದಲಿಗೆ ಮೂಲೆಯಿಂದ ಸಿಗುವ ದಮ್ ಜಾಸ್ತಿ. ಚಿಕ್ಕ ಸಬ್‌ಗಳಾಗಿದ್ದರೆ ಮೂಲೆ, ಶಕ್ತಿ ಇರುವ ಸಬ್‌ಗಳಾಗಿದ್ದರೆ ಗೋಡೆಯ ನಡು.

ಎರಡು ಸಾಲು ಸೀಟು ಹಾಕಿ, ಅದಕ್ಕೇ ಅಂತ ಮೀಸಲಿಟ್ಟ ರೂಮ್ ಕಟ್ಟಿಸುವವರಿಗೆ ನಾಲ್ಕು ಸಾರ್ಥಕ. ಮನೆಮಂದಿ ಓಡಾಡುವ ಹಾಲ್‌ಗೆ ಎರಡೇ ಸಾಕು. ಮೂರರ ಬಗ್ಗೆ ಅಮೆರಿಕದ ಧ್ವನಿತಜ್ಞ ಅರ್ಲ್ ಗೆಡ್ಡೆಸ್ ಅವರ ದಾರಿ ಬೇರೆ. ಎದುರುಬದುರು ಸಮವಾಗಿ ಇಡುವುದನ್ನು ಬಿಟ್ಟು, ಒಂದನ್ನು ಮೂಲೆಗೆ ಇಟ್ಟು ಉಳಿದವನ್ನು ಅಲ್ಲಲ್ಲಿ ಚದುರಿಸಿ ಅಂತಾರೆ. ಆಕಾರ ಸರಿಯಿಲ್ಲದ ಹಾಲ್‌ಗೆ ಇದು ಒಳ್ಳೆಯ ದಾರಿ, ಆದರೆ ಅಳತೆ ಮೈಕ್ ಇಲ್ಲದೆ ಕೈ ಹಾಕಬಾರದು.

ಒಂದೇ ಮಾಡೆಲ್ ಬೇಕಾ, ಹಳೆಯದರ ಜೊತೆ ಹೊಸದು ನಡೆಯುತ್ತಾ?

ಒಂದೇ ಮಾಡೆಲ್ ಒಳ್ಳೆಯದು. ಮೇಲೆ ಹೇಳಿದ ಮೋಡ್ ಅಡಗಿಸುವ ಆಟ ನಡೆಯುವುದು ಎರಡೂ ಸಬ್ ಒಂದೇ ಹೊತ್ತಿಗೆ, ಒಂದೇ ಬಲದಲ್ಲಿ ತಳ್ಳಿದಾಗ. ಸೀಲ್ಡ್ ಸಬ್ (ಪೂರ್ತಿ ಮುಚ್ಚಿದ ಪೆಟ್ಟಿಗೆ) ತನ್ನ ಮಿತಿಯ ಕೆಳಗೆ ಆಕ್ಟೇವ್‌ಗೆ, ಅಂದರೆ ಸ್ವರ ಅರ್ಧಕ್ಕೆ ಇಳಿದಾಗಲೆಲ್ಲ, 12 ಡೆಸಿಬಲ್‌ನಂತೆ ಇಳಿಯುತ್ತದೆ. ಪೋರ್ಟೆಡ್ ಸಬ್ (ಗಾಳಿ ಆಡಲು ತೂತು ಬಿಟ್ಟ ಪೆಟ್ಟಿಗೆ) ಆ ತೂತನ್ನು ಹೊಂದಿಸಿದ ಸ್ವರದ ತನಕ ಗಟ್ಟಿಯಾಗಿದ್ದು ಅದರ ಕೆಳಗೆ 24ರಂತೆ ಬೀಳುತ್ತದೆ. ಆ ಜಾಗದಲ್ಲಿ ಎರಡರ ಫೇಸ್ (ತಳ್ಳುವ, ಎಳೆಯುವ ಹೊತ್ತು) ಒಂದಕ್ಕೊಂದು ಹೊಂದುವುದಿಲ್ಲ. ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ, ದುಡ್ಡು ಕೊಟ್ಟು ಬೇಸ್ ಕಮ್ಮಿ ಮಾಡಿಕೊಂಡ ಹಾಗೆ. ಸೀಲ್ಡ್ ಜೊತೆ ಸೀಲ್ಡ್, ಪೋರ್ಟೆಡ್ ಜೊತೆ ಪೋರ್ಟೆಡ್ ಆದರೆ ಕಂಪನಿ ಬೇರೆ ಇದ್ದರೂ ಸಂಭಾಳಿಸಬಹುದು. ಥಿಯೇಟರ್-ಇನ್-ಎ-ಬಾಕ್ಸ್ (ಎಲ್ಲ ಸ್ಪೀಕರ್ ಒಂದೇ ಡಬ್ಬಿಯಲ್ಲಿ ಬರುವ) ಸೆಟ್‌ನ ಹಳೆಯ ಸಬ್ ಅನ್ನು ಹೊಸ 12 ಇಂಚಿನದರ ಜೊತೆ ಸೇರಿಸುವ ಆಸೆ ಮಾತ್ರ ಬಿಟ್ಟುಬಿಡಿ. ಹೊಸದು ಒಂದೇ ಇದ್ದರೆ ಇನ್ನೂ ಚೆನ್ನಾಗಿ ಕೇಳುತ್ತದೆ.

ಜೋಡಿಸುವುದು: ವೈ ಕೇಬಲ್, ಎರಡು ಔಟ್, ಅಥವಾ ಮಿನಿಡಿಎಸ್‌ಪಿ

ರಿಸೀವರ್‌ನ ಹಿಂದೆ ಎರಡು ಸಬ್ ಔಟ್ ಕಂಡರೆ ಎರಡೂ ಸ್ವತಂತ್ರ ಅಂದುಕೊಳ್ಳಬೇಡಿ. ಎಷ್ಟೋ ಮಾಡೆಲ್‌ಗಳಲ್ಲಿ ಒಳಗೆ ಒಂದೇ ಸಿಗ್ನಲ್ ಎರಡಾಗಿ ಕವಲೊಡೆದಿರುತ್ತದೆ. ಕೊಳ್ಳುವ ಮುಂಚೆ ಮ್ಯಾನುವಲ್ ತೆಗೆದು ನೋಡಿ. ಎರಡಕ್ಕೂ ಬೇರೆ ಬೇರೆ ದೂರ, ಬೇರೆ ಬೇರೆ ಲೆವೆಲ್ ಹಾಕುವ ಮೆನು ಇದ್ದರೆ ಮಾತ್ರ ಅವು ಸ್ವತಂತ್ರ. ಡೆನಾನ್ ಎವಿಆರ್-ಎಕ್ಸ್3800ಎಚ್ ಥರದ ರಿಸೀವರ್‌ನಲ್ಲಿ ನಾಲ್ಕು ಸ್ವತಂತ್ರ ಔಟ್ ಇವೆ. ಅದರಲ್ಲಿ ಸಬ್‌ವೂಫರ್ ಮೋಡ್ ಸ್ಟ್ಯಾಂಡರ್ಡ್‌ನಲ್ಲೇ ಇರಲಿ. ಡೈರೆಕ್ಷನಲ್ ಹಾಕಿದರೆ ಆಯಾ ಸ್ಪೀಕರ್‌ನ ಬೇಸ್ ಹತ್ತಿರದ ಸಬ್‌ಗೆ ಮಾತ್ರ ಹೋಗುತ್ತದೆ, ಎಲ್ಲ ಸಬ್ ಒಟ್ಟಿಗೆ ತಳ್ಳುವ ಲಾಭ ಕೈತಪ್ಪುತ್ತದೆ.

ಸಬ್‌ಗಳು ಸಮಪಾಲಾಗಿ ಕೂತಿದ್ದರೆ, ಅಂದರೆ ಮುಂದೆ ಹಿಂದೆ ಗೋಡೆಗಳ ನಡುವೆ, ಒಂದೇ ಔಟ್‌ನಿಂದ ಒಂದು ವೈ ಕೇಬಲ್ (ಒಂದು ಸಿಗ್ನಲ್ ಅನ್ನು ಎರಡಾಗಿ ಕವಲೊಡೆಸುವ ವೈರ್) ಸಾಕು. ನನ್ನ ಮಟ್ಟಿಗೆ ಅದೇ ಉತ್ತಮ ಕೂಡ. ಸ್ವತಂತ್ರ ಔಟ್ ಕೊಟ್ಟಾಗ ರಿಸೀವರ್‌ನ ಆಟೋ ಸೆಟಪ್ ಸೋಫಾಗೆ ಹತ್ತಿರವಿರುವ ಹಿಂದಿನ ಸಬ್ ಜೋರಾಗಿದೆ ಅಂದುಕೊಂಡು ಅದನ್ನು ತಗ್ಗಿಸುತ್ತದೆ. ಆಗ ಮುಂದಿನದೇ ಹೆಚ್ಚು ದುಡಿಯುತ್ತದೆ, ಮೋಡ್ ಮತ್ತೆ ತಲೆ ಎತ್ತುತ್ತದೆ. ಎರಡೂ ಸಬ್‌ಗಳ ಗೇನ್ ನಾಬ್ (ಸಬ್‌ನದೇ ವಾಲ್ಯೂಮ್) ಒಂದೇ ಗುರುತಿಗಿರಲಿ, ಫೇಸ್ ಎರಡರಲ್ಲೂ 0 ಇರಲಿ. ಹಿಂದಿನ ಸಬ್ ಬೆನ್ನ ಹಿಂದೆ ಇದೆ ಅಂತ ಗೊತ್ತಾಗಬಾರದು ಅಂದರೆ ಕ್ರಾಸ್‌ಓವರ್ (ಯಾವ ಸ್ವರದಿಂದ ಕೆಳಗಿನದು ಸಬ್‌ಗೆ ಹೋಗಬೇಕು ಎನ್ನುವ ಗಡಿ) 80 ಹರ್ಟ್ಜ್ ದಾಟಬಾರದು.

ಸಬ್‌ಗಳು ಒಂದು ಮೂಲೆಯಲ್ಲಿ, ಇನ್ನೊಂದು ಎಲ್ಲೋ ಪಕ್ಕದ ಗೋಡೆಯಲ್ಲಿ ಅಂತಿದ್ದರೆ ಎಲ್ಲದರ ಸೌಂಡ್ ಒಟ್ಟಿಗೆ ತಲುಪಲು ಪ್ರತಿಯೊಂದಕ್ಕೂ ಬೇರೆ ಡಿಲೇ (ಬೇಕೆಂದೇ ಕೊಡುವ ತಡ) ಬೇಕು. 1 ಮಿಲಿಸೆಕೆಂಡ್ ಅಂದರೆ ಶಬ್ದ ಸುಮಾರು 34 ಸೆಂಟಿಮೀಟರ್ ಹೋಗುವ ಹೊತ್ತು. ರಿಸೀವರ್‌ನಲ್ಲಿ ಅದಿಲ್ಲದಿದ್ದರೆ ಮಿನಿಡಿಎಸ್‌ಪಿ 2x4 ಎಚ್‌ಡಿ ಎಂಬ ಚಿಕ್ಕ ಪೆಟ್ಟಿಗೆ ಸಿಗುತ್ತದೆ. ಎರಡು ಇನ್‌ಪುಟ್, ನಾಲ್ಕು ಔಟ್‌ಪುಟ್, ಪ್ರತಿ ಔಟ್‌ಗೂ ಬೇರೆ ಡಿಲೇ, ಲೆವೆಲ್, ಇಕ್ವಲೈಜರ್. ಜೊತೆಗೆ ಯುಮಿಕ್-1 ಯುಎಸ್‌ಬಿ ಮೈಕ್ ಮತ್ತು ಉಚಿತವಾಗಿ ಸಿಗುವ ಆರ್‌ಇಡಬ್ಲ್ಯು ಎಂಬ ಸೌಂಡ್ ಅಳೆಯುವ ಸಾಫ್ಟ್‌ವೇರ್ ಇದ್ದರೆ ಪ್ರತಿ ಸೀಟಿನಲ್ಲೂ ಅಳೆದು ನೋಡಬಹುದು. ಅಳತೆಗಳನ್ನು ಮಲ್ಟಿ-ಸಬ್ ಆಪ್ಟಿಮೈಜರ್ ಎಂಬ ಸಾಫ್ಟ್‌ವೇರ್‌ಗೆ ಕೊಟ್ಟರೆ ಅದೇ ಡಿಲೇ, ಲೆವೆಲ್ ಎಲ್ಲ ಲೆಕ್ಕ ಹಾಕಿಕೊಡುತ್ತದೆ. ಇದೂ ಉಚಿತ. ಕಲಿಯಲು ತಾಳ್ಮೆ ಬೇಕು. ಅದಕ್ಕಿಂತ ಸುಲಭ ದಾರಿ ಈ ಹೊಂದಾಣಿಕೆಯನ್ನೆಲ್ಲ ತಾನೇ ಮಾಡುವ ಡಿರಾಕ್ ಲೈವ್ ಬೇಸ್ ಕಂಟ್ರೋಲ್ ಸಾಫ್ಟ್‌ವೇರ್, ಅದಕ್ಕೆ ದುಡ್ಡು ಕೊಟ್ಟು ಲೈಸೆನ್ಸ್ ತಗೋಬೇಕು, ನಿಮ್ಮ ರಿಸೀವರ್ ಅದನ್ನು ಒಪ್ಪಬೇಕು.

ಯಾವ ದಾರಿ ಹಿಡಿದರೂ ಕ್ರಮ ತಪ್ಪಬಾರದು. ಮೊದಲು ಜಾಗ. ಆಮೇಲೆ ಸಬ್‌ಗಳ ಲೆವೆಲ್ ಮತ್ತು ಡಿಲೇ. ಇಕ್ವಲೈಜರ್ ಕೊನೆಗೆ, ಅದೂ ಎಲ್ಲ ಸಬ್ ಒಟ್ಟಿಗೆ ನುಡಿಯುವಾಗ. ಒಂದೊಂದನ್ನೇ ಬಿಡಿಯಾಗಿ ಸಮ ಮಾಡಿ ಆಮೇಲೆ ಕೂಡಿಸಿದರೆ ಮೊತ್ತ ಸಮ ಇರುವುದಿಲ್ಲ. ಕಡೆಗೆ ಮುಂದಿನ ಸ್ಪೀಕರ್ ಮತ್ತು ಸಬ್ ಒಟ್ಟಿಗೆ 80 ಹರ್ಟ್ಜ್ ಟೋನ್ ನುಡಿಸಿ, ರಿಸೀವರ್‌ನಲ್ಲಿ ಸಬ್‌ನ ದೂರವನ್ನು ಸ್ವಲ್ಪ ಸ್ವಲ್ಪವೇ ಬದಲಿಸಿ. ಎಲ್ಲಿ ಅತಿ ಜೋರಾಗಿ ಕೇಳುತ್ತದೋ ಅಲ್ಲಿ ಎರಡೂ ಕೈಜೋಡಿಸಿವೆ. ಆಮೇಲೆ ಡೊಳ್ಳು ಕುಣಿತದ ಒಳ್ಳೆಯ ರೆಕಾರ್ಡಿಂಗ್ ಹಾಕಿ ಕೇಳಿ. ಪೆಟ್ಟು ಪೆಟ್ಟಿಗೂ ನಡುವೆ ಬಿಡುವು ಕೇಳಬೇಕು. ಒಂದರ ಬಾಲ ಇನ್ನೊಂದಕ್ಕೆ ಸಿಕ್ಕಿಕೊಂಡಿದ್ದರೆ ಯಾವುದೋ ಒಂದು ಸ್ವರ ಇನ್ನೂ ಉಬ್ಬಿದೆ.

ವೈರ್, ಹಮ್, ಪಕ್ಕದ ಮನೆ

ಹಿಂದಿನ ಗೋಡೆಗೆ ಸಬ್‌ನ ಸಿಗ್ನಲ್ ಒಯ್ಯುವ ಆರ್‌ಸಿಎ ಕೇಬಲ್ 10 ಮೀಟರ್ ಆದರೂ ಬೇಕು. ಮನೆ ಕಟ್ಟಿಸುತ್ತಿದ್ದರೆ ಗೋಡೆಗೆ ಪ್ಲಾಸ್ಟರ್ ಬೀಳುವ ಮುಂಚೆ ಒಂದು ಖಾಲಿ ಪೈಪ್ ಹಾಕಿಸಿ, ಪಕ್ಕದಲ್ಲೇ ಒಂದು ಪ್ಲಗ್ ಪಾಯಿಂಟ್ ಕೊಡಿಸಿ. ವೈರ್‌ಲೆಸ್ ಕಿಟ್ ಕೂಡ ನಡೆಯುತ್ತದೆ, ಆದರೆ ಅದು ಸಿಗ್ನಲ್ ಅನ್ನು ಸ್ವಲ್ಪ ತಡ ಮಾಡುತ್ತದೆ. ಹಿಂದಿನದಕ್ಕೆ ಮಾತ್ರ ವೈರ್‌ಲೆಸ್ ಹಾಕಿದರೆ ಮುಂದಿನದಕ್ಕೂ ಅಷ್ಟೇ ಡಿಲೇ ಕೊಡಬೇಕು, ಇಲ್ಲವೇ ಎರಡಕ್ಕೂ ವೈರ್‌ಲೆಸ್ ಹಾಕಿ.

ಎರಡನೇ ಸಬ್ ಹಾಕಿದ ಮೇಲೆ 50 ಹರ್ಟ್ಜ್ ಹಮ್ ಶುರುವಾದರೆ ಸಾಮಾನ್ಯವಾಗಿ ಅದು ಗ್ರೌಂಡ್ ಲೂಪ್. ರಿಸೀವರ್ ಒಂದು ಸರ್ಕ್ಯೂಟ್‌ನಲ್ಲಿ, ಸಬ್ ಇನ್ನೊಂದರಲ್ಲಿ ಇದ್ದಾಗ ಬರುತ್ತದೆ. ಎಕ್ಸ್‌ಟೆನ್ಷನ್ ಎಳೆದು ಎರಡನ್ನೂ ಒಂದೇ ಸಾಕೆಟ್‌ಗೆ ಹಾಕಿ ನೋಡಿ. ಹೋಗದಿದ್ದರೆ ಆಡಿಯೋ ಕೇಬಲ್‌ಗೆ ಐಸೊಲೇಟರ್ ಹಾಕಿ. ಅರ್ತ್ ಪಿನ್ ಮುರಿದರೆ ಹಮ್ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಅದು ಜೀವಕ್ಕೆ ಅಪಾಯ.

ಅಪಾರ್ಟ್‌ಮೆಂಟ್‌ನಲ್ಲಿ ಇರುವವರಿಗೆ ಎರಡು ಸಬ್ ಅಂದರೆ ನೆರೆಯವರಿಗೆ ಎರಡರಷ್ಟು ಕಾಟ ಎನ್ನುವ ಭಯ ಬೇಡ. ನಿಮ್ಮ ಸೀಟು ಗುಂಡಿಯಲ್ಲಿದ್ದಾಗ ನೀವು ವಾಲ್ಯೂಮ್ ಏರಿಸುತ್ತೀರಿ, ಪಕ್ಕದ ಮನೆಯವರ ಗೋಡೆಗೆ ಉಬ್ಬು ತಾಗುತ್ತದೆ. ಬೇಸ್ ಸಮ ಆದ ಮೇಲೆ ಕಡಿಮೆ ವಾಲ್ಯೂಮ್‌ನಲ್ಲೇ ತೃಪ್ತಿ ಸಿಗುತ್ತದೆ. ಸಬ್ ಕೆಳಗೆ ರಬ್ಬರ್ ಪಾದ ಹಾಕಿದರೆ ನೆಲಕ್ಕೆ ಇಳಿಯುವ ನಡುಕ ಕಡಿಮೆಯಾಗುತ್ತದೆ, ಗಾಳಿಯಲ್ಲಿ ಹೋಗುವ ಬೇಸ್ ಅದರಿಂದ ನಿಲ್ಲುವುದಿಲ್ಲ.

ಎಲ್ಲ ಸರಿಮಾಡಿದ ಮೇಲೆ 20ರಿಂದ 100 ಹರ್ಟ್ಜ್ ತನಕ ನಿಧಾನವಾಗಿ ಏರುವ ಟೋನ್ ಒಮ್ಮೆ ಹಾಕಿ, ಮನೆಯಲ್ಲಿ ಇನ್ನೊಬ್ಬರನ್ನು ಸುತ್ತಾಡಲು ಹೇಳಿ. ಶೋಕೇಸ್ ಗಾಜು, ಸೊಳ್ಳೆ ಪರದೆಯ ಬಾಗಿಲು, ಏಸಿ ಲೂವರ್, ಅಡುಗೆಮನೆ ಸ್ಟ್ಯಾಂಡ್‌ನ ಸ್ಟೀಲ್ ತಟ್ಟೆಗಳು, ಒಂದೊಂದು ಒಂದೊಂದು ಸ್ವರಕ್ಕೆ ಗಡಗಡ ಅನ್ನುತ್ತವೆ. ಗಾಜಿನ ಅಂಚಿಗೆ ಫೆಲ್ಟ್ ಚೂರು, ಬಾಗಿಲ ಚೌಕಟ್ಟಿಗೆ ಫೋಮ್ ಪಟ್ಟಿ ಅಂಟಿಸಿದರೆ ಮುಗಿಯಿತು.